ಹೊಟ್ಟೆಕಿಚ್ಚು ಮತ್ತು ಎಲೆಮರೆಯ ಕಾಯಿ

ಅನ್ಯರ ಏಳಿಗೆಯನ್ನು ಕಂಡಾಗ ಉಂಟಾಗುವ ಅಸಹನೆಯನ್ನು ನಮ್ಮ ಹಿರಿಯರು ಮತ್ಸರವೆಂದು ಕರೆದು, ಅರಿಷಡ್ವರ್ಗಗಳಲ್ಲಿ ಒಂದೆಂದು ಎಣಿಸಿದರು. ಆಡುನುಡಿಯ ‘ಹೊಟ್ಟೆಕಿಚ್ಚು’ ಇನ್ನೂ ಅರ್ಥವತ್ತಾದ ಪದ. ಕಿಚ್ಚು ಮೊದಲು ಸುಡುವುದು ತನ್ನನ್ನು ಹೊತ್ತ ಒಡಲನ್ನೇ.

ಈ ದೌರ್ಬಲ್ಯ ಯಾವುದೊಂದು ಸಮಾಜದ ಸೊತ್ತೂ ಅಲ್ಲ. ಪ್ರಾಚೀನ ಅಥೆನ್ಸಿನಲ್ಲಿ ಪೌರರು ಮಡಕೆಯ ಚೂರುಗಳ ಮೇಲೆ ಹೆಸರು ಗೀಚಿ, ಪ್ರಬಲನಾದವನೊಬ್ಬನನ್ನು ಹತ್ತು ವರ್ಷಗಳ ಕಾಲ ಗಡೀಪಾರು ಮಾಡಬಹುದಾಗಿತ್ತು. ‘ನ್ಯಾಯವಂತ’ನೆಂದು ಹೆಸರಾದ ಅರಿಸ್ಟೈಡೀಸನು ಸುಮಾರು ಕ್ರಿ. ಪೂ. 482ರಲ್ಲಿ ಹೀಗೆ ಊರು ಬಿಟ್ಟನು. ಪ್ಲೂಟಾರ್ಕನು ಹೇಳುವಂತೆ, ಅಕ್ಷರ ಬಾರದ ಹಳ್ಳಿಗನೊಬ್ಬ ಆತನನ್ನು ಗುರುತಿಸದೆ, ಅರಿಸ್ಟೈಡೀಸನ ಹೆಸರನ್ನು ಬರೆದುಕೊಡೆಂದು ಆತನನ್ನೇ ಬೇಡಿದನಂತೆ. ಅವನು ಮಾಡಿದ ಅಪರಾಧವೇನೆಂದು ಕೇಳಿದರೆ, ಏನೂ ಇಲ್ಲ, ಎಲ್ಲೆಡೆ ಅವನ ನ್ಯಾಯವಂತಿಕೆಯ ಹೊಗಳಿಕೆ ಕೇಳಿ ಬೇಸತ್ತಿದೆ ಎಂದನಂತೆ. ಅರಿಸ್ಟೈಡೀಸನು ಮಾತನಾಡದೆ ತನ್ನ ಹೆಸರನ್ನು ಬರೆದುಕೊಟ್ಟನು.

ಡೆನ್ಮಾರ್ಕಿನಲ್ಲಿ ಹುಟ್ಟಿ ನಾರ್ವೆಯಲ್ಲಿ ನೆಲಸಿದ ಲೇಖಕ ಅಕ್ಸೆಲ್ ಸಾಂಡೆಮೋಸೆ, 1933ರ ತಮ್ಮ ಕಾದಂಬರಿಯಲ್ಲಿ ‘ಯಾಂಟೆ’ ಎಂಬ ಕಲ್ಪಿತ ಊರಿನ ಹತ್ತು ಕಟ್ಟಳೆಗಳನ್ನು ನಿರೂಪಿಸಿದರು. ನಮಗಿಂತ ನೀನು ಮೇಲೆಂದು ಬಗೆಯಕೂಡದು ಎಂಬುದೇ ಅವುಗಳ ಸಾರ. ಸ್ಕ್ಯಾಂಡಿನೇವಿಯದ ಜನ ಇಂದಿಗೂ ಈ ಮನೋಭಾವವನ್ನು ‘ಯಾಂಟೆಯ ಕಾನೂನು’ ಎಂದೇ ಕರೆಯುತ್ತಾರೆ.

ಇದರ ಮೂಲವೆಲ್ಲಿ? ಮನುಷ್ಯನು ತನ್ನ ಯೋಗ್ಯತೆಯನ್ನು ಅಳೆಯುವುದು ತನ್ನಂಥವರೊಡನೆ ಹೋಲಿಸಿಕೊಂಡು ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಪ್ರತಿಪಾದಿಸಿದರು. ಆದುದರಿಂದಲೇ ಕೋಟ್ಯಧೀಶನ ಸಿರಿ ನಮ್ಮನ್ನು ಕಾಡದು. ಒಂದೇ ಊರಿನಿಂದ ಬಂದು, ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿದ್ದ ಗೆಳೆಯನ ಬಡ್ತಿ ಕಾಡುತ್ತದೆ. ಪರವೂರಿನ ಸಣ್ಣ ಸಮುದಾಯದಲ್ಲಿ ಹೋಲಿಕೆಯ ಕಣ್ಣು ಇನ್ನಷ್ಟು ಚುರುಕು.

ಈ ಕಣ್ಣಿಗೆ ಅಂಜಿದವರು ತಮ್ಮ ಪ್ರತಿಭೆಯನ್ನೇ ಅಡಗಿಸಿಡುತ್ತಾರೆ. ಉತ್ತರ ತಿಳಿದ ಬಾಲಕ ಕೈಯೆತ್ತುವುದಿಲ್ಲ. ಕಂಠವುಳ್ಳ ಗೃಹಿಣಿ ವೇದಿಕೆಯೇರುವುದಿಲ್ಲ. ಇದನ್ನು ವಿನಯವೆಂದು ಭ್ರಮಿಸಲಾಗದು. ವಿನಯವಂತನು ತನ್ನ ಕೆಲಸ ಮಾಡಿ ಮೌನವಾಗಿರುತ್ತಾನೆ. ಅಂಜಿದವನು ಕೆಲಸವನ್ನೇ ಕೈಬಿಡುತ್ತಾನೆ. ತುಂಬಿದ ಕೊಡ ತುಳುಕುವುದಿಲ್ಲ, ನಿಜ. ಆದರೆ ಯಾರ ಬಾಯಾರಿಕೆಯನ್ನೂ ನೀಗದ ಕೊಡದಿಂದ ಫಲವೇನು?

ಅಸೂಯೆಯಲ್ಲಿಯೂ ಎರಡು ಬಗೆ. ಒಂದು ಎತ್ತರದವನನ್ನು ಕೆಳಗೆಳೆಯಬಯಸುತ್ತದೆ. ಇನ್ನೊಂದು ತಾನೂ ಏರಬಯಸುತ್ತದೆ. ಡಚ್ ಭಾಷೆಯಲ್ಲಿ ಇವೆರಡಕ್ಕೆ ಬೇರೆ ಬೇರೆ ಪದಗಳೇ ಇವೆ. ಮೊದಲನೆಯದು ಮೂಡಿದಾಗ ಅದನ್ನು ಎರಡನೆಯದಾಗಿ ತಿರುಗಿಸಿಕೊಳ್ಳುವುದೇ ಮನಸ್ಸಿನ ಆರೋಗ್ಯಕ್ಕೆ ಹಿತ. ಗೆದ್ದವನ ಬಳಿ ಸಾರಿ, ಅವನು ಹೇಗೆ ಗೆದ್ದನೆಂದು ಕೇಳುವುದು ಅದರ ಮೊದಲ ಮೆಟ್ಟಿಲು. ಅಂಜಿ ಹಿಂದೆ ಕುಳಿತವರನ್ನು ಹೆಸರು ಹಿಡಿದು ಮುಂದಕ್ಕೆ ಕರೆಯುವುದು ಸಮುದಾಯದ ಕರ್ತವ್ಯ. ಎಲೆಮರೆಯಲ್ಲೇ ಉಳಿದ ಕಾಯಿ, ಯಾರಿಗೂ ದಕ್ಕದೆ ಅಲ್ಲಿಯೇ ಕೊಳೆಯಬಾರದು.