ವಿಧಿವಿಜ್ಞಾನ: ತೀರ್ಮಾನ ಎಸ್ಸೆಸ್ಸೆಲ್ಸಿ ಮುಗಿದಾಗಲೇ

ಬೈರಕೂರಿನಂಥ ಹೋಬಳಿಯಲ್ಲಿ ಮಗಳು ಎಸ್ಸೆಸ್ಸೆಲ್ಸಿ ಪಾಸಾದ ಕೂಡಲೇ ಮನೆಯಲ್ಲಿ ಬರುವ ಮಾತು ಇದು: "ಸಯನ್ಸ್ ಯಾಕೆ? ಆರ್ಟ್ಸ್ ತೆಗೆದುಕೊಳ್ಳಲಿ. ಖರ್ಚೂ ಕಡಿಮೆ, ಓಡಾಟವೂ ಕಡಿಮೆ." ನನ್ನದೂ ಬಿ.ಎ. ಪದವಿಯೇ, ಕಲಾ ವಿಭಾಗ ಕೀಳೆಂದು ನಾನು ಹೇಳಲಾರೆ. ಆದರೆ ಸಹೋದರಿಯರೇ, ಆ ಒಂದು ಮಾತಿನಿಂದ ಮುಚ್ಚಿಹೋಗುವ ಬಾಗಿಲುಗಳಲ್ಲಿ ಫೊರೆನ್ಸಿಕ್ ಸಯನ್ಸ್, ಅಂದರೆ ವಿಧಿವಿಜ್ಞಾನವೂ ಒಂದು.

ಸತ್ತವರ ದೇಹದಲ್ಲಿ ವಿಷವಿತ್ತೇ, ಪತ್ರದ ಸಹಿ ನಕಲಿಯೇ, ಬಟ್ಟೆಯ ಮೇಲಿನ ರಕ್ತ ಯಾರದು ಎಂದು ಪರೀಕ್ಷಿಸಿ ನ್ಯಾಯಾಲಯಕ್ಕೆ ತಿಳಿಸುವ ವಿದ್ಯೆ ಇದು. ವರದಕ್ಷಿಣೆ ಸಾವು, ಅತ್ಯಾಚಾರದ ಪ್ರಕರಣಗಳಲ್ಲಿ ಬಾಯಿಯಿಲ್ಲದ ಹೆಣ್ಣಿನ ಪರವಾಗಿ ಮಾತನಾಡುವುದು ಎಷ್ಟೋ ಸಲ ಈ ವರದಿಯೇ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು, ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ತಜ್ಞರು ಸ್ಥಳಕ್ಕೇ ಹೋಗಬೇಕೆನ್ನುತ್ತದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಹಾಗಾಗಿ ಕಲಿತವರಿಗೆ ಬೇಡಿಕೆ ಹೆಚ್ಚಲಿದೆ.

ಎಂ.ಎಸ್ಸಿ.ಗೆ ಸೇರಲು ಇದೇ ವಿಷಯದಲ್ಲಿ ಬಿ.ಎಸ್ಸಿ. ಆಗಿರಬೇಕೆಂದಿಲ್ಲ. ರಸಾಯನಶಾಸ್ತ್ರ, ಭೌತಶಾಸ್ತ್ರ, ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರದಂಥ ವಿಷಯಗಳ ಬಿ.ಎಸ್ಸಿ. ಸಾಮಾನ್ಯವಾಗಿ ಸಾಕು. ಅಂಕಗಳು ಶೇ. 50-55ಕ್ಕೆ ಕಡಿಮೆಯಿರದಿದ್ದರೆ ಒಳ್ಳೆಯದು. 2020ರಲ್ಲಿ ಸ್ಥಾಪನೆಯಾದ, ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ನಮ್ಮ ಧಾರವಾಡದಲ್ಲೂ ಇದೆ. ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆಯಬೇಕು. ನಿಯಮಗಳು ಆಗಾಗ ಬದಲಾಗುತ್ತವೆ. ಆಯಾ ವರ್ಷದ ಪ್ರಕಟಣೆ ಓದಿಯೇ ಅರ್ಜಿ ಹಾಕಿ.

ಕಲಾ ಪದವೀಧರೆಯರಿಗೆ ಅಪರಾಧಶಾಸ್ತ್ರದ ದಾರಿಯಿದೆ. ಆದರೆ ಪ್ರಯೋಗಾಲಯದ ಬಾಗಿಲು ತೆರೆಯುವುದು ವಿಜ್ಞಾನ ಓದಿದವರಿಗೆ.

ಫಲಿತಾಂಶ ಬಂದ ದಿನ ಬಸ್ ಚಾರ್ಜಿನ ಲೆಕ್ಕ ಹಾಕುವ ಮೊದಲು, ಮಗಳಿಗೆ ಏನು ಓದುವಾಸೆ ಎಂದು ಒಮ್ಮೆ ಕೇಳಿ ನೋಡಿ.