ಬಳಪ ಹಿಡಿಯುವ ಮುನ್ನ

ಜೂನ್ ತಿಂಗಳ ಮೊದಲ ವಾರ. ಬೆಳಗಿನ ಒಂಬತ್ತು ಗಂಟೆಗೆ ನಗರದ ಯಾವುದೇ ಬಡಾವಣೆಯ ಶಿಶುವಿಹಾರದ ಮುಂದೆ ನಿಂತರೂ ಕಾಣುವ ನೋಟ ಒಂದೇ. ಹೊಸ ಸಮವಸ್ತ್ರ, ಹೊಸ ಚೀಲ, ಎಣ್ಣೆ ಹಚ್ಚಿ ಬಾಚಿದ ತಲೆ. ತಾಯಿಯ ಸೆರಗನ್ನು ಎರಡು ಕೈಗಳಿಂದಲೂ ಹಿಡಿದು ಬಿಡದ ಮಗು. ಅಳಬಾರದೆಂದು ಮಗುವಿಗೆ ಬುದ್ಧಿ ಹೇಳುತ್ತ ತಾನೇ ಕಣ್ಣೊರೆಸಿಕೊಳ್ಳುವ ತಾಯಿ. ಗಡಿಯಾರವನ್ನು ನೋಡಿಕೊಳ್ಳುತ್ತ ಸ್ಕೂಟರಿನ ಪಕ್ಕದಲ್ಲಿ ನಿಂತ ತಂದೆ.

ಮೂರು ತಿಂಗಳ ಬಳಿಕ ಅದೇ ಮನೆಯೊಳಗೆ ಇಣುಕಿ ನೋಡಬೇಕು. ರಾತ್ರಿ ಎಂಟು ಗಂಟೆ. ಮಗು ಅಳುತ್ತಿದೆ. ಈ ಸಲ ತಾಯಿ ಬಿಟ್ಟುಹೋದಳೆಂದಲ್ಲ. ತಾಯಿ ಮಗ್ಗುಲಲ್ಲಿಯೇ ಕುಳಿತಿದ್ದಾಳೆ. ಮಗುವಿನ ಬೆರಳುಗಳನ್ನು ತನ್ನ ಬೆರಳುಗಳಿಂದ ಅದುಮಿ ಹಿಡಿದು, ನಾಲ್ಕು ಗೆರೆಯ ಪುಸ್ತಕದಲ್ಲಿ ಒಂದೇ ಅಕ್ಷರವನ್ನು ಎರಡು ಪುಟ ಬರೆಸುತ್ತಿದ್ದಾಳೆ. ಮೊದಲಿನ ಅಳು ಸಹಜವಾದುದು, ನಾಲ್ಕು ದಿನಗಳಲ್ಲಿ ತಾನಾಗಿ ನಿಲ್ಲುವಂಥದು. ಎರಡನೆಯದು ಹಿರಿಯರು ತಂದಿಟ್ಟದ್ದು. ಅದು ಅಷ್ಟು ಬೇಗ ನಿಲ್ಲುವುದಿಲ್ಲ.

ಶಿಶುವಿಹಾರದ ವರ್ಷವೆಂದರೆ ಒಂದನೆಯ ತರಗತಿಯನ್ನು ಕುಗ್ಗಿಸಿ ಸಣ್ಣ ಮಕ್ಕಳಿಗೆ ತೊಡಿಸಿದ ಅಂಗಿ ಎಂಬ ಭಾವನೆ ವಿದ್ಯಾವಂತ ಮನೆಗಳಲ್ಲಿಯೂ ಬೇರೂರಿದೆ. ಈ ಭಾವನೆ ಎಷ್ಟರಮಟ್ಟಿಗೆ ತಪ್ಪೆಂಬುದನ್ನು ತಾಯಿತಂದೆಗಳು ತಿಳಿದುಕೊಂಡರೆ ಎರಡನೆಯ ಅಳುವಿಗೆ ಎಡೆಯೇ ಇರುವುದಿಲ್ಲ.

ಮೊದಲ ಅಗಲಿಕೆ

ಮೂರೂವರೆ, ನಾಲ್ಕು ವರ್ಷದ ಮಗುವಿಗೆ ಗಡಿಯಾರದ ಲೆಕ್ಕ ತಿಳಿಯದು. "ಹನ್ನೆರಡೂವರೆಗೆ ಬರುತ್ತೇನೆ" ಎಂಬ ಮಾತಿನಿಂದ ಅದಕ್ಕೆ ಯಾವ ಸಮಾಧಾನವೂ ದೊರೆಯುವುದಿಲ್ಲ. "ನೀನು ತಿಂಡಿ ತಿಂದು, ಆಟ ಆಡಿ, ಹಾಡು ಹೇಳಿ ಮುಗಿಸಿದ ಕೂಡಲೆ ಅಮ್ಮ ಬಾಗಿಲಲ್ಲಿರುತ್ತಾಳೆ" ಎಂದರೆ ಅದಕ್ಕೆ ಅರ್ಥವಾಗುತ್ತದೆ. ಹಾಗೆ ಹೇಳಿದ ಮೇಲೆ ಆ ಹೊತ್ತಿಗೆ ಬಾಗಿಲಲ್ಲಿ ಇರಲೇಬೇಕು. ಮಗುವಿನ ಗಮನವನ್ನು ಬೇರೆಡೆಗೆ ಸೆಳೆದು ಕಣ್ತಪ್ಪಿಸಿ ಬಂದುಬಿಡುವುದು ಸುಲಭ. ಆದರೆ ಅಂದಿನಿಂದ ತಾಯಿ ಸ್ನಾನಕ್ಕೆ ಹೋದರೂ ಮಗು ಬಚ್ಚಲಿನ ಬಾಗಿಲಲ್ಲಿ ಕಾವಲು ಕೂರುತ್ತದೆ. "ತಂಟೆ ಮಾಡಿದರೆ ಮಿಸ್ಸಿಗೆ ಹೇಳಿ ಹೊಡೆಸುತ್ತೇನೆ" ಎಂದು ಬೇಸಿಗೆಯ ರಜೆಯುದ್ದಕ್ಕೂ ಹೆದರಿಸಿದ ಮನೆಯವರು, ಜೂನ್ ತಿಂಗಳಲ್ಲಿ ಮಗು ಶಾಲೆಗೆ ಹೋಗಲೊಲ್ಲದೆಂದು ದೂರುವುದರಲ್ಲಿ ನ್ಯಾಯವಿಲ್ಲ.

ಮಗುವನ್ನು ಶಾಲೆಗೆ ಸಿದ್ಧಪಡಿಸುವುದೆಂದರೆ ಅಕ್ಷರಮಾಲೆಯನ್ನು ಬಾಯಿಪಾಠ ಮಾಡಿಸುವುದಲ್ಲ. ತಿಂಡಿಯ ಡಬ್ಬಿಯನ್ನು ತಾನೇ ತೆರೆದು ಮುಚ್ಚುವುದು, ಚಡ್ಡಿಯನ್ನು ಏರಿಸಿ ಇಳಿಸುವುದು, ಕೈ ತೊಳೆದುಕೊಳ್ಳುವುದು, ಮೂತ್ರಕ್ಕೆ ಹೋಗಬೇಕೆಂದು ಸಂಕೋಚವಿಲ್ಲದೆ ಹೇಳುವುದು, ತನ್ನ ಮತ್ತು ತಂದೆತಾಯಿಗಳ ಹೆಸರು ಹೇಳುವುದು – ಇಷ್ಟನ್ನು ಬಲ್ಲ ಮಗು ಹೊಸ ಜಾಗದಲ್ಲಿ ಅಸಹಾಯಕವಾಗುವುದಿಲ್ಲ. ಅನೇಕ ಮಕ್ಕಳು ಅಳುವುದು ತಾಯಿಯ ನೆನಪಿಗಲ್ಲ. ಡಬ್ಬಿಯ ಮುಚ್ಚಳ ಬಾರದೆಂದು, ಗುಂಡಿ ಬಿಚ್ಚಲಾರದೆ ಬಟ್ಟೆ ಒದ್ದೆಯಾಯಿತೆಂದು.

ತೋಟವೆಂಬ ಹೆಸರು

ಕಿಂಡರ್‌ಗಾರ್ಟನ್ ಎಂಬುದು ಜರ್ಮನ್ ಮಾತು. ಮಕ್ಕಳ ತೋಟ ಎಂದು ಅದರ ಅರ್ಥ. ಈ ಹೆಸರನ್ನಿಟ್ಟವನು ಫ್ರೀಡ್ರಿಕ್ ಫ್ರೋಬೆಲ್. ೧೭೮೨ರಲ್ಲಿ ಥುರಿಂಗಿಯದ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದ ಆತ, ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡ. ೧೮೩೭ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, ೧೮೪೦ರಲ್ಲಿ ಅದಕ್ಕೆ ಈ ಹೆಸರು ಕೊಟ್ಟ. ಮಕ್ಕಳ ಕೈಗೆ ಆತ ನೀಡಿದ ಆಟದ ವಸ್ತುಗಳನ್ನು 'ಕಾಣಿಕೆಗಳು' ಎಂದು ಕರೆದ. ಮೊದಲನೆಯ ಕಾಣಿಕೆ ಬಣ್ಣಬಣ್ಣದ ೬ ಉಣ್ಣೆಯ ಚೆಂಡುಗಳು. ಎರಡನೆಯದು ಮರದ ಗುಂಡು, ಉರುಳೆ ಮತ್ತು ಘನ. ಮೂರನೆಯದು ೮ ತುಂಡುಗಳಾಗಿ ಬಿಡಿಸಿ ಮತ್ತೆ ಜೋಡಿಸಬಹುದಾದ ಘನ. ಅಕ್ಷರದ ಹಲಗೆ ಇವುಗಳಲ್ಲಿ ಇರಲಿಲ್ಲ. ೧೮೫೧ರಲ್ಲಿ ಪ್ರಷ್ಯದ ಸರ್ಕಾರ ಈ ತೋಟಗಳನ್ನು ನಾಸ್ತಿಕತೆಯ ಶಂಕೆಯಿಂದ ನಿಷೇಧಿಸಿತು. ಮರುವರ್ಷವೇ ಫ್ರೋಬೆಲ್ ತೀರಿಕೊಂಡ. ೧೮೬೦ರಲ್ಲಿ ನಿಷೇಧ ತೆರವಾದುದನ್ನು ನೋಡಲು ಆತ ಇರಲಿಲ್ಲ.

ರೋಮ್ ನಗರದ ಸಾನ್ ಲೊರೆಂಝೊ ಎಂಬ ಬಡವರ ಕೇರಿಯಲ್ಲಿ ೧೯೦೭ರ ಜನವರಿ ೬ರಂದು ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸೊರಿ ವೃತ್ತಿಯಿಂದ ವೈದ್ಯೆ. ಗುಂಡಿ ಹಾಕುವ, ದಾರ ಕಟ್ಟುವ, ನೀರು ಸುರಿಯುವ ದಿನನಿತ್ಯದ ಕೆಲಸಗಳನ್ನೇ ಆಕೆ ಪಾಠವಾಗಿಸಿದರು. ೧೯೩೯ರಲ್ಲಿ ಭಾರತಕ್ಕೆ ಬಂದ ಆಕೆ ಯುದ್ಧದ ದೆಸೆಯಿಂದ ೧೯೪೬ರವರೆಗೆ ಇಲ್ಲಿಯೇ ಉಳಿದು, ಮದರಾಸಿನ ಅಡ್ಯಾರ್ ಮೊದಲಾದೆಡೆಗಳಲ್ಲಿ ಶಿಕ್ಷಕರನ್ನು ತರಬೇತಿಗೊಳಿಸಿದರು. ಅದಕ್ಕೂ ಮೊದಲೇ, ೧೯೨೦ರಲ್ಲಿ, ವಕೀಲಿಯನ್ನು ಬಿಟ್ಟು ಬಂದ ಗಿಜುಭಾಯಿ ಬಧೇಕ ಭಾವನಗರದಲ್ಲಿ ಬಾಲಮಂದಿರವನ್ನು ನಡೆಸತೊಡಗಿದ್ದರು. ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಅದನ್ನು ಬಡ ಹಳ್ಳಿಗಳ ಅಂಗಳಕ್ಕೆ ಒಯ್ದರು. ೧೯೭೫ರ ಅಕ್ಟೋಬರ್ ೨ರಂದು ಅಂಗನವಾಡಿಗಳ ಯೋಜನೆ ದೇಶದಲ್ಲಿ ಪ್ರಾರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದುದು ಟಿ. ನರಸೀಪುರ.

ದೇಶಕಾಲಗಳು ಬೇರೆಯಾದರೂ ಇವರೆಲ್ಲರೂ ಹಿಡಿದ ದಾರಿ ಒಂದೇ: ಮೊದಲು ಕೈ, ಕಣ್ಣು, ಕಿವಿ, ಮಾತು, ಪುಸ್ತಕ ಆಮೇಲೆ.

ಮರಳಿನ ಮೇಲಿನ ಅಕ್ಷರ

ನಮ್ಮ ಹಿಂದಿನ ಕೂಲಿಮಠದ ಐಗಳಿಗೆ ಈ ಶಾಸ್ತ್ರಗಳೊಂದೂ ತಿಳಿದಿರಲಿಲ್ಲ. ಆದರೂ ಅವರು ಮಗುವನ್ನು ಮರಳಿನ ಮುಂದೆ ಕೂರಿಸಿ, ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದರು. ಮನೆಗಳಲ್ಲಿ ಅಕ್ಷರಾಭ್ಯಾಸಕ್ಕೆ ಇಂದಿಗೂ ತಟ್ಟೆಯಲ್ಲಿ ಅಕ್ಕಿ ಹರಡುತ್ತಾರೆ. ಮಾಂಟೆಸೊರಿಯವರ ಮಕ್ಕಳು ಮರಳು ಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದರು. ಎರಡರ ಹುರುಳೂ ಒಂದೇ. ಅಕ್ಷರದ ತಿರುವು ಮೊದಲು ತೋಳಿಗೂ ಬೆರಳಿಗೂ ಪರಿಚಯವಾಗಬೇಕು. ಸೀಸದ ಕಡ್ಡಿಯ ತುದಿಗೆ ಬರುವುದು ಕೊನೆಗೆ.

ಇದಕ್ಕೆ ದೇಹದಲ್ಲಿಯೇ ಕಾರಣವಿದೆ. ಮಣಿಕಟ್ಟಿನಲ್ಲಿ ೮ ಸಣ್ಣ ಎಲುಬುಗಳುಂಟು. ಹುಟ್ಟಿದ ಮಗುವಿನಲ್ಲಿ ಅವು ಇನ್ನೂ ಮೆತ್ತನೆಯ ಮೃದ್ವಸ್ಥಿಯಾಗಿರುತ್ತವೆ. ಒಂದೊಂದಾಗಿ ಗಟ್ಟಿಗೊಳ್ಳುತ್ತ ಹೋಗುವ ಅವುಗಳಲ್ಲಿ ಕೊನೆಯದು ಎಲುಬಾಗುವ ಹೊತ್ತಿಗೆ ಮಗುವಿಗೆ ಸುಮಾರು ೧೦ ವರ್ಷ. ಬೆರಳುಗಳ ಸಣ್ಣ ಸ್ನಾಯುಗಳು ಹದಗೊಳ್ಳುವುದೂ ಮೆಲ್ಲಮೆಲ್ಲಗೆ. ಮೂರು ಬೆರಳುಗಳಲ್ಲಿ ಸೀಸದ ಕಡ್ಡಿಯನ್ನು ಸರಿಯಾಗಿ ಹಿಡಿಯುವುದು ಒಂದು ಮಗುವಿಗೆ ನಾಲ್ಕಕ್ಕೆ ಒದಗಿದರೆ, ಇನ್ನೊಂದಕ್ಕೆ ಆರಕ್ಕೆ. ಎರಡೂ ಆರೋಗ್ಯವಂತ ಮಕ್ಕಳೇ. ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಏಳು ವರ್ಷದವರೆಗೂ ಸಾಮಾನ್ಯ. ಅಲ್ಲದೆ ಕನ್ನಡದ ಅಕ್ಷರಗಳು ಸುರುಳಿ ಸುರುಳಿಯಾದುವು. ದಕಾರಕ್ಕೂ ಧಕಾರಕ್ಕೂ, ಬಕಾರಕ್ಕೂ ಭಕಾರಕ್ಕೂ ಇರುವುದು ಒಂದು ಸಣ್ಣ ಸೀಳಿನ ಅಂತರ. ಅದನ್ನು ಕಣ್ಣು ಗುರುತಿಸುವುದಕ್ಕೇ ಕಾಲ ಬೇಕು.

ಕೈಯನ್ನು ಪಳಗಿಸುವ ಸಾಮಗ್ರಿ ಅಡುಗೆಮನೆಯಲ್ಲಿಯೇ ಇದೆ. ಅವರೆಕಾಯಿ ಸುಲಿಯುವುದು, ಚಪಾತಿಯ ಹಿಟ್ಟಿನಲ್ಲಿ ಹಾವು, ಬಟ್ಟಲು ಮಾಡುವುದು, ಅಕ್ಕಿಯಲ್ಲಿ ಸಿಕ್ಕ ಕಲ್ಲನ್ನು ಆರಿಸುವುದು, ಒಗೆದ ಕರವಸ್ತ್ರಗಳನ್ನು ಮಡಿಸುವುದು, ಅಜ್ಜಿಯ ಪಕ್ಕದಲ್ಲಿ ಕೂತು ದಪ್ಪ ದಾರದಲ್ಲಿ ಹೂವು ಪೋಣಿಸುವುದು, ಅಂಗಳದಲ್ಲಿ ರಂಗೋಲಿಯ ಚುಕ್ಕಿಗಳನ್ನು ಕೂಡಿಸುವುದು – ಇವು ಬರವಣಿಗೆಯ ನಿಜವಾದ ಮೊದಲ ಪಾಠಗಳು. ಇಂಥ ಕೆಲಸದಲ್ಲಿ ಹಿಟ್ಟು ಒಂದಿಷ್ಟು ಚೆಲ್ಲುತ್ತದೆ. ಆದರೆ ಎರಡು ಪುಟ ಬರೆಸಿದಾಗ ಹರಿಯುವ ಕಣ್ಣೀರಿಗಿಂತ ಅದು ಅಗ್ಗ.

ಎಣಿಕೆಯ ಬಗೆ

ನೆಂಟರು ಬಂದಾಗ ಮಗುವಿನಿಂದ ಒಂದರಿಂದ ಐವತ್ತರವರೆಗೆ ಹೇಳಿಸಿ ಹಿಗ್ಗುವ ಮನೆಗಳುಂಟು. ಅದೇ ಮಗುವನ್ನು ಡಬ್ಬಿಯಿಂದ ಏಳು ಅಡಿಕೆ ತರಲು ಕಳುಹಿಸಿದರೆ ಅದು ಒಂದು ಹಿಡಿ ತಂದು ಮುಂದಿಡಬಹುದು. ಸಂಖ್ಯೆಯ ಹೆಸರುಗಳ ಹಾಡು ಬೇರೆ, ಸಂಖ್ಯೆಯ ಅರಿವು ಬೇರೆ.

ಜಿನೀವಾದ ಮನಶ್ಶಾಸ್ತ್ರಜ್ಞ ಝಾನ್ ಪಿಯಾಜೆ ತೋರಿಸಿಕೊಟ್ಟ ಒಂದು ಪರೀಕ್ಷೆಯನ್ನು ಹುಣಿಸೆಬೀಜಗಳಿಂದ ಯಾರಾದರೂ ಮಾಡಬಹುದು. ಆರಾರು ಬೀಜಗಳ ಎರಡು ಸಾಲನ್ನು ಎದುರುಬದುರಾಗಿ ಇಡಬೇಕು. ಎರಡೂ ಸಮವೆಂದು ಮಗು ಒಪ್ಪುತ್ತದೆ. ಅದರ ಕಣ್ಣೆದುರಿಗೇ ಒಂದು ಸಾಲಿನ ಬೀಜಗಳನ್ನು ದೂರ ದೂರ ಸರಿಸಿ ಮತ್ತೆ ಕೇಳಿದರೆ, ಉದ್ದದ ಸಾಲಿನಲ್ಲೇ ಹೆಚ್ಚು ಬೀಜಗಳಿವೆ ಎಂದು ನಾಲ್ಕು ವರ್ಷದ ಮಗು ಸಾಮಾನ್ಯವಾಗಿ ಹೇಳುತ್ತದೆ. ಇದು ದಡ್ಡತನವಲ್ಲ, ಆ ವಯಸ್ಸಿನ ಬುದ್ಧಿಯ ಬಗೆ. ಆರೇಳು ವರ್ಷದ ಹೊತ್ತಿಗೆ ಅದೇ ಮಗು ಈ ಪ್ರಶ್ನೆಗೆ ನಗುತ್ತದೆ. ಅಲ್ಲಿಯವರೆಗೆ ಮಗ್ಗಿಯ ಹೊರೆ ಬೇಡ. ಊಟಕ್ಕೆ ಐದು ಜನ, ತಟ್ಟೆ ಎಷ್ಟು ಹಾಕಬೇಕು? ಮೆಟ್ಟಿಲು ಎಷ್ಟು ಹತ್ತಿದೆವು? ಚೌಕಾಬಾರದ ಕವಡೆ ಎಷ್ಟು ಬಿದ್ದಿತು? ಇಷ್ಟು ಲೆಕ್ಕ ಸಾಕು.

ಮನೆಯ ಮಾತು

ಶಿಶುವಿಹಾರಕ್ಕೆ ಸೇರಿಸಿದೊಡನೆ ಮನೆಯಲ್ಲಿ ಮಗುವಿನೊಡನೆ ಕನ್ನಡವನ್ನು ನಿಲ್ಲಿಸಿ, ತುಂಡು ಇಂಗ್ಲಿಷಿನಲ್ಲಿ 'ಕಮ್', 'ಸಿಟ್', 'ಈಟ್' ಎನ್ನತೊಡಗುವುದುಂಟು. ಇದರಿಂದ ಮಗುವಿಗೆ ಇಂಗ್ಲಿಷ್ ಬರುವುದಿಲ್ಲ, ಮಾತೇ ಬಡವಾಗುತ್ತದೆ. ಏಕೆ, ಹೇಗೆ, ಆಮೇಲೇನಾಯಿತು ಎಂದು ಮಗು ಕೇಳುವುದು ತಾನು ಚೆನ್ನಾಗಿ ಬಲ್ಲ ಮಾತಿನಲ್ಲಿ. ಎಳೆಯ ಮಕ್ಕಳ ಕಲಿಕೆ ಆದಷ್ಟೂ ತಾಯ್ನುಡಿಯಲ್ಲಿಯೇ ನಡೆಯಬೇಕೆಂದು ೨೦೨೨ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದೆ. ಈ ಹಂತದಲ್ಲಿ ಪರೀಕ್ಷೆಗಳು ಸಲ್ಲವೆಂದೂ ಅದು ಹೇಳಿದೆ. ಪಂಜೆ ಮಂಗೇಶರಾಯರೂ ರಾಜರತ್ನಂ ಅವರೂ ಬರೆದಿಟ್ಟ ಮಕ್ಕಳ ಹಾಡುಗಳು ಬರಿಯ ಮನರಂಜನೆಯಲ್ಲ. ಪ್ರಾಸವನ್ನು ಕೇಳಿ ನಲಿಯುವ ಕಿವಿ ಶಬ್ದಗಳನ್ನು ಬಿಡಿಸಿ ಕೇಳುವುದನ್ನು ಕಲಿಯುತ್ತದೆ. ಮುಂದೆ ಓದುವುದಕ್ಕೆ ಅದೇ ಅಡಿಪಾಯ. ಮಲಗುವ ಮುನ್ನ ಒಂದು ಕಥೆ ಹೇಳಿದರೆ, ಅದೇ ಕಥೆಯನ್ನು ಹತ್ತು ದಿನ ಕೇಳಿದರೂ ಬೇಸರಿಸದೆ ಹೇಳಿದರೆ, ಯಾವ ಟ್ಯೂಷನ್ನೂ ಬೇಡ.

ಶಾಲೆಯನ್ನು ನೋಡುವ ಬಗೆ, ವಯಸ್ಸಿನ ಮಾತು

ಶಾಲೆಯನ್ನು ಆರಿಸುವವರು ಕಟ್ಟಡದ ಬಣ್ಣವನ್ನು ಬಿಟ್ಟು ಒಳಗಿನ ಸದ್ದನ್ನು ಕೇಳಬೇಕು. ಮಕ್ಕಳು ಮಾತನಾಡುತ್ತಿದ್ದಾರೆಯೇ? ಓಡಲು ಅಂಗಳವಿದೆಯೇ? ಶೌಚಾಲಯ ಶುಚಿಯಾಗಿದೆಯೇ? ಗೋಡೆಯ ಮೇಲಿನ ಮೂವತ್ತು ಚಿತ್ರಗಳೂ ಒಂದೇ ಅಚ್ಚಿನಲ್ಲಿದ್ದರೆ ಬರೆದುದು ಟೀಚರ ಕೈ. ತಲೆಯಿಂದಲೇ ನೇರವಾಗಿ ಕಾಲು ಹೊರಟ ಮನುಷ್ಯನ ಚಿತ್ರಗಳಿದ್ದರೆ ಬರೆದವರು ನಾಲ್ಕು ವರ್ಷದವರು. ಅಂಥ ಶಾಲೆಯನ್ನು ನಂಬಬಹುದು.

ದೋಷ ಶಾಲೆಗಳದೊಂದೇ ಅಲ್ಲ. ಆಟ ಆಡಿಸುವ ಟೀಚರನ್ನು, "ಪುಸ್ತಕದಲ್ಲಿ ಏನೂ ಬರೆಸಿಲ್ಲವಲ್ಲ, ಫೀಸು ಏತಕ್ಕೆ?" ಎಂದು ಕೇಳುವವರು ತಂದೆತಾಯಿಗಳೇ. ಆಕೆ ನಾಳೆಯಿಂದ ಬರೆಸತೊಡಗುತ್ತಾಳೆ.

ಮೈಸೂರಿನಲ್ಲಿ ಬಾಳಿದ ಕಾದಂಬರಿಕಾರ ಆರ್. ಕೆ. ನಾರಾಯಣ್ ಅವರು ರಾಜ್ಯಸಭೆಯ ಸದಸ್ಯರಾಗಿ ೧೯೮೯ರಲ್ಲಿ ಮಾಡಿದ ಮೊದಲ ಭಾಷಣದ ವಿಷಯ ಮಕ್ಕಳ ಬೆನ್ನ ಮೇಲಿನ ಪುಸ್ತಕದ ಚೀಲ. ತರುವಾಯ ಪ್ರೊಫೆಸರ್ ಯಶಪಾಲರ ಅಧ್ಯಕ್ಷತೆಯ ಸಮಿತಿ ೧೯೯೩ರಲ್ಲಿ ವರದಿ ಕೊಟ್ಟಿತು. ಎಳೆಯ ಮಕ್ಕಳ ಶಾಲೆಗಳಲ್ಲಿ ಓದು, ಬರಹ, ಲೆಕ್ಕಗಳನ್ನು ವಿಧಿವತ್ತಾಗಿ ಹೇರುವುದನ್ನು ಅದು ಮಕ್ಕಳ ಮೇಲಿನ ಹಿಂಸೆಯೆಂದೇ ಕರೆಯಿತು. ನರ್ಸರಿಗೆ ಸೇರಿಸಲು ಪರೀಕ್ಷೆ, ಸಂದರ್ಶನ ನಡೆಸುವುದನ್ನು ನಿಲ್ಲಿಸಬೇಕೆಂದಿತು.

ಆದರೂ ಆತುರ ಕಡಮೆಯಾಗಿಲ್ಲ. ಒಂದನೆಯ ತರಗತಿಗೆ ಸೇರುವ ಮಗುವಿಗೆ ಜೂನ್ ೧ಕ್ಕೆ ೬ ವರ್ಷ ತುಂಬಿರಬೇಕೆಂಬ ೨೦೨೨ರ ಆಜ್ಞೆ ಕರ್ನಾಟಕದಲ್ಲಿ ೨೦೨೫-೨೬ನೆಯ ಸಾಲಿನಿಂದ ಜಾರಿಗೆ ಬರಬೇಕಾಗಿತ್ತು. ಆದರೆ ಅಷ್ಟರಲ್ಲಿ ಎಷ್ಟೋ ಮಕ್ಕಳನ್ನು ಮೊದಲೇ ಎಲ್.ಕೆ.ಜಿ.ಗೆ ಸೇರಿಸಿಯಾಗಿತ್ತು. ಆದುದರಿಂದ ಆ ಸಾಲಿಗೆ ಮಿತಿಯನ್ನು ೫ ವರ್ಷ ೫ ತಿಂಗಳಿಗೆ ಸಡಿಲಿಸಬೇಕಾಯಿತು. ಮಗು ಒಂದು ವರ್ಷ ಹಿಂದೆ ಬಿದ್ದಿತೆಂದು ಕೊರಗುವವರು, ಆರು ತಿಂಗಳ ಅಂತರ ಅರುವತ್ತರ ವಯಸ್ಸಿನಲ್ಲಿ ಏನೂ ಅಲ್ಲ, ಐದರ ವಯಸ್ಸಿನಲ್ಲಿ ಬಹಳ ದೊಡ್ಡದು ಎಂಬುದನ್ನು ನೆನೆಯಬೇಕು.

ಎಚ್ಚರ ಬೇಕಾದ ಎಡೆ

ತಾಳ್ಮೆಯೆಂದರೆ ಉದಾಸೀನವಲ್ಲ. ನಾಲ್ಕು ತುಂಬಿದರೂ ಮಗುವಿನ ಮಾತು ಹೊರಗಿನವರಿಗೆ ತಿಳಿಯದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ಇತರ ಮಕ್ಕಳ ಗೊಡವೆಗೇ ಹೋಗದಿದ್ದರೆ, ಕಲಿತ ಮಾತನ್ನು ಮರೆಯುತ್ತ ಬಂದರೆ ಮಕ್ಕಳ ವೈದ್ಯರಿಗೆ ತೋರಿಸಲು ತಡಮಾಡಬಾರದು. ಮಾತು ಮತ್ತು ಕಿವಿಯ ತೊಂದರೆಗಳಿಗಾಗಿಯೇ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ನಿದ್ದೆಯ ಕಡೆಗೂ ಲಕ್ಷ್ಯವಿರಬೇಕು. ೩-೪ ವರ್ಷದ ಮಗುವಿಗೆ ದಿನಕ್ಕೆ ೧೦ರಿಂದ ೧೩ ಗಂಟೆಗಳ ನಿದ್ದೆ, ೩ ಗಂಟೆಗಳ ಓಡಾಟ ಬೇಕು, ಮೊಬೈಲು, ಟಿ.ವಿ.ಗಳ ಮುಂದೆ ಕೂರುವುದು ೧ ಗಂಟೆಯನ್ನು ಮೀರಬಾರದು ಎಂಬುದು ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಲಹೆ. ರಾತ್ರಿ ಹನ್ನೊಂದಕ್ಕೆ ಮಲಗಿ ಏಳಕ್ಕೆ ಎಬ್ಬಿಸಿದ ಮಗು ಶಾಲೆಯಲ್ಲಿ ರಚ್ಚೆ ಹಿಡಿದರೆ ಅದು ಹಟವಲ್ಲ, ನಿದ್ದೆಗೇಡು.

ಮಗು ಮನೆಗೆ ಬಂದೊಡನೆ "ಇವತ್ತು ಏನು ಬರೆಸಿದರು?" ಎಂದು ಚೀಲ ತೆರೆಯುವ ಬದಲು, "ಯಾರ ಜೊತೆ ಆಡಿದೆ ಪುಟ್ಟಾ?" ಎಂದು ಕೇಳಿದರೆ ಅದರ ಇಡೀ ದಿನ ಹೊರಗೆ ಬರುತ್ತದೆ. ಜೂನಿನಲ್ಲಿ ಸೆರಗು ಬಿಡದಿದ್ದ ಮಗು ಮಾರ್ಚಿನ ಹೊತ್ತಿಗೆ ಗೇಟಿನಲ್ಲಿ ತಾಯಿಯ ಕೈ ಬಿಡಿಸಿಕೊಂಡು, ಗೆಳೆಯನ ಹೆಸರು ಕೂಗುತ್ತ ಒಳಗೆ ಓಡಿದರೆ, ನಾಲ್ಕು ಗೆರೆಯ ಪುಸ್ತಕ ಅರ್ಧ ಖಾಲಿಯಿದ್ದರೂ ಚಿಂತೆಯಿಲ್ಲ. ಆ ವರ್ಷ ಮಾಡಬೇಕಾದ ಕೆಲಸವನ್ನು ಮಾಡಿದೆ.