ಗರ್ಭಿಣಿಗೆ ಜರ್ಮನ್ ದಡಾರ: ಮಗುವಿಗೆ ಕುತ್ತು

ಕಣ್ಣಿನ ಪೊರೆ ವಯಸ್ಸಾದವರ ಕಾಯಿಲೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅಪರೂಪಕ್ಕೆ ಕೆಲವು ಶಿಶುಗಳಿಗೆ ಹುಟ್ಟುವಾಗಲೇ ಕಣ್ಣಿನಲ್ಲಿ ಪೊರೆ ಇರುತ್ತದೆ. ಅಂಥ ಮಗು ಹುಟ್ಟಿದ ಮನೆಯಲ್ಲಿ ಮೊದಲು ದೂರು ಹೊರುವವಳು ತಾಯಿ. ಗ್ರಹಣದ ದಿನ ಹೊರಗೆ ಬಂದಳು, ತಿನ್ನಬಾರದ್ದನ್ನು ತಿಂದಳು ಎಂಬ ಮಾತುಗಳು ಕೇಳಿಬರುತ್ತವೆ. ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇಂಥ ಕೆಲವು ಶಿಶುಗಳಲ್ಲಿ ನಿಜವಾದ ಕಾರಣ ರುಬೆಲ್ಲಾ ಎಂಬ ವೈರಸ್. ಅದು ತರುವ ಕಾಯಿಲೆಯೇ ಜರ್ಮನ್ ದಡಾರ.

ಪತ್ತೆಯಾದದ್ದು ಹೇಗೆ?

1940ರಲ್ಲಿ ಆಸ್ಟ್ರೇಲಿಯಾದಲ್ಲಿ ಜರ್ಮನ್ ದಡಾರ ವ್ಯಾಪಕವಾಗಿ ಹರಡಿತ್ತು. ಮರುವರ್ಷ ಸಿಡ್ನಿಯ ನೇತ್ರತಜ್ಞ ಡಾ. ನಾರ್ಮನ್ ಗ್ರೆಗ್, ಹುಟ್ಟಿನಿಂದಲೇ ಪೊರೆಯಿದ್ದ 78 ಶಿಶುಗಳ ವಿವರ ಪ್ರಕಟಿಸಿದರು. ಬಹುಪಾಲು ತಾಯಂದಿರಿಗೆ ಬಸಿರಿನ ಆರಂಭದಲ್ಲಿ ಈ ಕಾಯಿಲೆ ಬಂದಿತ್ತು. ಹಲವು ಶಿಶುಗಳಿಗೆ ಹೃದಯದ ದೋಷವೂ ಇತ್ತು. ಕಿವುಡುತನವೂ ಇದರಿಂದ ಬರುತ್ತದೆ ಎಂಬುದು ಆನಂತರ ತಿಳಿಯಿತು.

ತಾಯಿಗೆ ಸೌಮ್ಯ, ಮಗುವಿಗೆ ಉಗ್ರ

ದಡಾರಕ್ಕೆ ಹೋಲಿಸಿದರೆ ಇದು ಸೌಮ್ಯ ಕಾಯಿಲೆ. ಸ್ವಲ್ಪ ಜ್ವರ, ಮೈಮೇಲೆ ಎರಡು ಮೂರು ದಿನ ನಸುಗೆಂಪು ದದ್ದು, ಕಿವಿಯ ಹಿಂದೆ ಗಂಟು, ಇಷ್ಟೇ ಲಕ್ಷಣಗಳು. ಎಷ್ಟೋ ಜನರಿಗೆ ಇವೂ ಕಾಣಿಸುವುದಿಲ್ಲ. ‘ಅಮ್ಮ ಬಂದಿದೆ’ ಎಂದು ಬೇವಿನ ಸೊಪ್ಪು ಇಟ್ಟು ಮರೆತುಬಿಡುವವರೂ ಉಂಟು.

ಆದರೆ ಗರ್ಭದ ಮೊದಲ ಮೂರು ತಿಂಗಳಲ್ಲಿ ಮಗುವಿನ ಕಣ್ಣು, ಕಿವಿ, ಹೃದಯ, ಮಿದುಳು ರೂಪುಗೊಳ್ಳುತ್ತಿರುತ್ತವೆ. ವೈರಸ್ ತಾಯಿಯ ರಕ್ತದಿಂದ ಮಾಸಿನ ಮೂಲಕ ಭ್ರೂಣವನ್ನು ಸೇರಿ ಈ ಬೆಳವಣಿಗೆಗೆ ಅಡ್ಡಿಮಾಡುತ್ತದೆ. ಬಸಿರಿನ ಆರಂಭದಲ್ಲೇ ಸೋಂಕು ತಗುಲಿದರೆ ಅದು ಮಗುವಿಗೆ ದಾಟುವ ಸಾಧ್ಯತೆ ಶೇ. 90ರಷ್ಟು. ಕೆಲವೊಮ್ಮೆ ಗರ್ಭಪಾತವೂ ಆಗುತ್ತದೆ. 20 ವಾರಗಳ ನಂತರ ತಗುಲಿದರೆ ಇಂಥ ದೋಷಗಳು ಅಪರೂಪ. ಪೊರೆಯನ್ನೂ ಹೃದಯದ ಕೆಲವು ದೋಷಗಳನ್ನೂ ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಬಹುದು. ಕಿವುಡುತನ ಕೆಲವೊಮ್ಮೆ ಮಗು ಬೆಳೆದ ಮೇಲೆ ಗೊತ್ತಾಗುತ್ತದೆ.

ವಿಟಮಿನ್ ಮಾತ್ರೆ ಸಾಕೇ?

2020ರ ಕೋವಿಡ್ ನಂತರ ವೈರಸ್ ಎಂದಕೂಡಲೇ ವಿಟಮಿನ್ ಡಿ ಮಾತ್ರೆ ನುಂಗುವವರು ಹೆಚ್ಚಿದ್ದಾರೆ. ಮೂಳೆಗಳಿಗೆ ಈ ವಿಟಮಿನ್ ಬೇಕು, ನಿಜ. ಆದರೆ ರುಬೆಲ್ಲಾ ತಡೆಯಲು ಅದರಿಂದಾಗದು. ಫೋಲಿಕ್ ಆಮ್ಲದ ಮಾತ್ರೆ ಮಗುವಿನ ಮಿದುಳು ಮತ್ತು ಬೆನ್ನುಹುರಿಯ ಕೆಲವು ದೋಷಗಳನ್ನು ತಡೆಯುತ್ತದೆ. ಅದನ್ನು ಖಂಡಿತ ತಪ್ಪಿಸಬಾರದು. ರುಬೆಲ್ಲಾಗೆ ಮಾತ್ರ ಅದೂ ಮದ್ದಲ್ಲ. ಸೋಂಕು ತಗುಲಿದ ಮೇಲೆ ವೈರಸ್ಸನ್ನು ಕೊಲ್ಲುವ ಔಷಧಿಯೂ ಇಲ್ಲ. ಉಳಿದಿರುವ ದಾರಿ ಒಂದೇ, ಮುಂಚಿತವಾಗಿ ಲಸಿಕೆ.

ನೀವು ಮಾಡಬೇಕಾದದ್ದು

ಕರ್ನಾಟಕದಲ್ಲಿ 2017ರ ಫೆಬ್ರವರಿಯಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ಆರಂಭವಾಯಿತು. 9 ತಿಂಗಳಿನಿಂದ 15 ವರ್ಷದೊಳಗಿನ ಮಕ್ಕಳಿಗೆ ಲಸಿಕೆ ಹಾಕಲಾಯಿತು. ಈಗ ಶಿಶುಗಳಿಗೆ 9-12 ತಿಂಗಳಲ್ಲಿ ಒಮ್ಮೆ, 16-24 ತಿಂಗಳಲ್ಲಿ ಮತ್ತೊಮ್ಮೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ಗಂಡುಮಕ್ಕಳಿಗೂ ತಪ್ಪದೆ ಹಾಕಿಸಿ. ಮನೆಯ ಗರ್ಭಿಣಿಗೆ ಸೋಂಕು ತರುವವರು ಅವರೂ ಆಗಬಹುದು.

ಆದರೆ 2017ರಲ್ಲಿ 15 ವರ್ಷ ದಾಟಿದ್ದ ಹೆಣ್ಣುಮಕ್ಕಳು ಆ ಅಭಿಯಾನಕ್ಕೆ ಒಳಪಡಲಿಲ್ಲ. ಇಂದು ಮದುವೆ, ಬಸಿರು ಎಂದು ಯೋಚಿಸುತ್ತಿರುವವರಲ್ಲಿ ಅವರು ಬಹಳ ಮಂದಿ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ, ಹಿಂದೆ ಎಂ.ಎಂ.ಆರ್. ಲಸಿಕೆ ಹಾಕಿಸಿದ್ದೀರಾ ಎಂದು ಹಳೆಯ ಲಸಿಕೆ ಕಾರ್ಡು ನೋಡಿ. ಕಾರ್ಡು ಸಿಗದಿದ್ದರೆ ವೈದ್ಯರನ್ನು ಕಾಣಿರಿ. ರೋಗನಿರೋಧಕ ಶಕ್ತಿ ಇದೆಯೇ ಎಂಬುದು ರಕ್ತಪರೀಕ್ಷೆಯಿಂದ ತಿಳಿಯುತ್ತದೆ.

ಗರ್ಭಿಣಿಯರು ಈ ಲಸಿಕೆ ಪಡೆಯಬಾರದು. ಲಸಿಕೆ ಪಡೆದವರು ಒಂದು ತಿಂಗಳು ಗರ್ಭ ಧರಿಸದಂತೆ ಎಚ್ಚರ ವಹಿಸಬೇಕು. ಬಸಿರೆಂದು ತಿಳಿಯದೆ ಹಾಕಿಸಿಕೊಂಡಿದ್ದರೆ ಗಾಬರಿಯಿಂದ ಗರ್ಭ ತೆಗೆಸಲು ಹೊರಡಬೇಡಿ, ವೈದ್ಯರಿಗೆ ತಿಳಿಸಿ. ಗರ್ಭಿಣಿಯರು ಜ್ವರ, ದದ್ದು ಇರುವವರಿಂದ ದೂರವಿರಲಿ. ಅಂಥವರ ಸಂಪರ್ಕವಾಗಿದ್ದರೆ ತಮ್ಮ ಮೈಮೇಲೆ ದದ್ದು ಕಾಣುವವರೆಗೂ ಕಾಯದೆ ಕೂಡಲೇ ವೈದ್ಯರ ಸಲಹೆ ಪಡೆಯಲಿ.